ಒಂದೇ ಗಾಳಿಗೆ ಎರಡು ಲೆಕ್ಕ

ಜನವರಿಯ ಬೆಳಿಗ್ಗೆ ಬೆಂಗಳೂರಿನ ಯಾವುದಾದರೂ ಪಾರ್ಕಿಗೆ ಹೋಗಿ ನೋಡಿ. ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತ ನಿವೃತ್ತರ ಗುಂಪಿನಲ್ಲಿ ರಾಜಕೀಯ, ಮೊಣಕಾಲು ನೋವು, ಶುಗರ್ ರಿಪೋರ್ಟುಗಳ ಜೊತೆಗೆ ಈಗ ಇನ್ನೊಂದು ವಿಷಯವೂ ಸೇರಿಕೊಂಡಿದೆ.

‘ಇವತ್ತು ಎಷ್ಟಿದೆ ಸಾರ್ ಎಕ್ಯೂಐ?’

‘ನಂದ್ರಲ್ಲಿ ತೊಂಬತ್ತೆಂಟು. ಹಸಿರು ತೋರಿಸ್ತಾ ಇದೆ.’

‘ಅದೆಂಗೆ? ನಂದ್ರಲ್ಲಿ ನೂರೈವತ್ತಮೂರು, ಕೆಂಪು! ಮಾಸ್ಕ್ ಹಾಕ್ಕೊಳ್ಳಿ ಅಂತಿದೆ.’

ಕೂತಿರುವುದು ಒಂದೇ ಬೆಂಚಿನ ಮೇಲೆ, ಎಳೆದುಕೊಳ್ಳುತ್ತಿರುವುದು ಒಂದೇ ಗಾಳಿ. ‘ನಿಮ್ಮದು ಸರ್ಕಾರಿ ಆ್ಯಪು, ಕಮ್ಮಿ ತೋರಿಸದೆ ಇನ್ನೇನು ಮಾಡುತ್ತೆ’ ಎಂದು ಇವರು. ‘ನಿಮ್ಮದು ವಿದೇಶಿ ಕಂಪನಿಯದು, ಹೆದರಿಸಿದರೆ ತಾನೆ ಏರ್ ಪ್ಯೂರಿಫೈಯರ್ ಮಾರಾಟ ಆಗೋದು’ ಎಂದು ಅವರು. ಜಗಳ ಅಲ್ಲಿಗೇ ನಿಲ್ಲುತ್ತದೆ, ಕಾಫಿಗೆ ಹೊತ್ತಾಗಿರುತ್ತದೆ.

ಅಸಲಿಗೆ ಎರಡು ಫೋನೂ ಸುಳ್ಳು ಹೇಳುತ್ತಿಲ್ಲ. ಎಕ್ಯೂಐ ಎಂದರೆ ವಾಯು ಗುಣಮಟ್ಟ ಸೂಚ್ಯಂಕ, ಅದನ್ನು ಲೆಕ್ಕ ಹಾಕುವ ಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ಆ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ 59 ಮೈಕ್ರೋಗ್ರಾಂ ಪಿಎಂ 2.5 ಇದೆ ಎಂದಿಟ್ಟುಕೊಳ್ಳಿ. ಪಿಎಂ 2.5 ಎಂದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣ. ಮೂಗಿನ ಕೂದಲಿಗೂ ಗಂಟಲಿನ ಕಫಕ್ಕೂ ಸಿಕ್ಕದೆ ಶ್ವಾಸಕೋಶದ ತುದಿಯವರೆಗೆ ಇಳಿಯುವಂಥದ್ದು. ನಮ್ಮ ದೇಶದ ಪಟ್ಟಿಯಲ್ಲಿ ಅದು 60 ಮೈಕ್ರೋಗ್ರಾಂ ಮುಟ್ಟುವವರೆಗೂ ಗಾಳಿ ‘ತೃಪ್ತಿಕರ’, ಬಣ್ಣ ತಿಳಿ ಹಸಿರು. ಅಮೆರಿಕದ ಪಟ್ಟಿಯಲ್ಲಿ 55 ದಾಟಿತೆಂದರೆ ‘ಅನಾರೋಗ್ಯಕರ’, ಬಣ್ಣ ಕೆಂಪು. 59ನ್ನು ನಮ್ಮ ಸೂತ್ರಕ್ಕೆ ಹಾಕಿದರೆ 98 ಬರುತ್ತದೆ, ಅವರ ಸೂತ್ರಕ್ಕೆ ಹಾಕಿದರೆ 153. ಸರ್ಕಾರದ ‘ಸಮೀರ್’ ಆ್ಯಪ್ ಮೊದಲಿನ ಲೆಕ್ಕ ಹಿಡಿಯುತ್ತದೆ, ಹಲವು ಖಾಸಗಿ ಆ್ಯಪ್‌ಗಳು ಎರಡನೆಯದನ್ನು. ವಿಶ್ವ ಆರೋಗ್ಯ ಸಂಸ್ಥೆಯನ್ನು ಕೇಳಿದರೆ ಮಾತೇ ಬೇರೆ. 2021ರಲ್ಲಿ ಅದು ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ದಿನದ ಮಿತಿ 15 ಮೈಕ್ರೋಗ್ರಾಂ, ವರ್ಷದ ಸರಾಸರಿ 5. ನಮ್ಮಲ್ಲಿ 2009ರಿಂದ ಜಾರಿಯಲ್ಲಿರುವ ಮಾನದಂಡದಲ್ಲಿ ದಿನಕ್ಕೆ 60, ವರ್ಷಕ್ಕೆ 40. ನಾವು ಹಸಿರು ಎಂದು ನೆಮ್ಮದಿಯಾಗಿ ಉಸಿರೆಳೆದ ಗಾಳಿ ಆ ಸಂಸ್ಥೆಯ ಲೆಕ್ಕದಲ್ಲಿ ಮಿತಿಯ ಸುಮಾರು ನಾಲ್ಕು ಪಟ್ಟು.

ಹಾಗಾಗಿ ನನ್ನ ತಕರಾರು ಆ್ಯಪ್ ಮೇಲಲ್ಲ, ಬಣ್ಣದ ಮೇಲೆ. ಯಾವ ಸಂಖ್ಯೆಗೆ ಯಾವ ಬಣ್ಣ ಎಂದು ತೀರ್ಮಾನವಾಗುವುದು ಕಚೇರಿಗಳಲ್ಲಿ. ಅದರಲ್ಲಿ ವಿಜ್ಞಾನ ಎಷ್ಟಿರುತ್ತದೋ, ‘ಸದ್ಯಕ್ಕೆ ನಮ್ಮ ಕೈಲಾಗುವುದು ಇಷ್ಟು’ ಎಂಬ ಆಡಳಿತದ ಹೊಂದಾಣಿಕೆಯೂ ಅಷ್ಟೇ ಇರುತ್ತದೆ. ಪಿಎಂ 2.5 ಎಷ್ಟು ಮೈಕ್ರೋಗ್ರಾಂ ಎಂಬುದು ಮಾತ್ರ ದೇಶ ಬದಲಾದರೆ ಬದಲಾಗುವುದಿಲ್ಲ. ಹೆಚ್ಚಿನ ಆ್ಯಪ್‌ಗಳಲ್ಲಿ ದೊಡ್ಡ ಸಂಖ್ಯೆಯ ಕೆಳಗೆ ಬೆರಳಾಡಿಸಿದರೆ ಅದು ಸಿಗುತ್ತದೆ. ಆದರೆ ಅಲ್ಲಿಯವರೆಗೆ ಇಳಿದು ನೋಡುವವರು ಕಡಿಮೆ.

ನಮ್ಮ ವಾಯು ಗುಣಮಟ್ಟ ಸೂಚ್ಯಂಕ ಘೋಷಣೆಯಾದದ್ದು 2014ರ ಅಕ್ಟೋಬರಿನಲ್ಲಿ, ಬಳಕೆಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ದೂಳಿನ ಎರಡು ಬಗೆ, ಅಂದರೆ ಪಿಎಂ 10 ಮತ್ತು ಪಿಎಂ 2.5, ಜೊತೆಗೆ ಸಾರಜನಕದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ಹೀಗೆ ಎಂಟು ಮಾಲಿನ್ಯಕಾರಕಗಳು ಅದರ ಲೆಕ್ಕದಲ್ಲಿವೆ. ಇವುಗಳ ಸರಾಸರಿಯೇ ಎಕ್ಯೂಐ ಎಂದು ತಿಳಿದವರು ಬಹಳ ಮಂದಿ. ಅಲ್ಲ. ಒಂದೊಂದಕ್ಕೂ ಬೇರೆ ಬೇರೆ ಅಂಕ ಹಾಕಿ, ಅದರಲ್ಲಿ ಅತಿ ಕೆಟ್ಟದ್ದು ಯಾವುದೋ ಅದನ್ನೇ ಊರಿನ ಎಕ್ಯೂಐ ಎಂದು ಪ್ರಕಟಿಸುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲದರಲ್ಲಿ ಫಸ್ಟ್ ಕ್ಲಾಸ್ ಬಂದು ಗಣಿತ ಒಂದರಲ್ಲಿ ಡುಮ್ಕಿ ಹೊಡೆದರೂ ರಿಸಲ್ಟ್ ಪಟ್ಟಿಯಲ್ಲಿ ಬರುವುದು ಫೇಲ್ ಎಂದೇ ತಾನೆ? ಹಾಗೆ.

ಆದ್ದರಿಂದ ಯಾವ ‘ವಿಷಯ’ದಲ್ಲಿ ಫೇಲ್ ಎಂಬುದು ಸಂಖ್ಯೆಯಷ್ಟೇ ಮುಖ್ಯ. ‘ಪ್ರಮುಖ ಮಾಲಿನ್ಯಕಾರಕ’ ಎಂದು ಆ್ಯಪ್ ತೋರಿಸುವ ಪುಟ್ಟ ಅಕ್ಷರವನ್ನು ಓದಿ. ಪಿಎಂ 10 ಎಂದಿದ್ದರೆ ಬಹುಮಟ್ಟಿಗೆ ರಸ್ತೆ ದೂಳು, ಅಗೆದು ಬಿಟ್ಟ ಮಣ್ಣು, ಕಟ್ಟಡ ಕೆಲಸ. ಪಿಎಂ 2.5 ಎಂದಿದ್ದರೆ ಎಲ್ಲೋ ಏನೋ ಉರಿಯುತ್ತಿದೆ: ಡೀಸೆಲ್, ಕಸ, ಸೌದೆ, ಕಲ್ಲಿದ್ದಲು. ಓಝೋನ್ ಎಂದಿದ್ದರೆ ಅದು ವಾಹನಗಳ ಹೊಗೆಯನ್ನು ಬಿಸಿಲು ಬೇಯಿಸಿ ತಯಾರಿಸಿದ್ದು. ಬೇಸಿಗೆಯ ಮಧ್ಯಾಹ್ನ ಏರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಆಕಾಶ ನೀಲಿಯಾಗಿಯೇ ಇರುತ್ತದೆ.

ಗಾಳಿಯ ಲೆಕ್ಕ ಜನರ ಕೈಗೆ ಬಂದ ಕಥೆಯೂ ಸ್ವಾರಸ್ಯದ್ದು. 2008ರಲ್ಲಿ ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿ ತನ್ನ ಆವರಣದಲ್ಲಿ ಒಂದು ಮಾಪಕ ಇಟ್ಟು ಗಂಟೆಗೊಮ್ಮೆ ಅದರ ಅಂಕಿಯನ್ನು ಟ್ವಿಟರ್‌ನಲ್ಲಿ ಹಾಕತೊಡಗಿತು. 2010ರ ನವೆಂಬರಿನಲ್ಲಿ ಅಂಕಿ 500 ದಾಟಿದಾಗ ಯಂತ್ರ ‘ಹುಚ್ಚಾಪಟ್ಟೆ ಕೆಟ್ಟಿದೆ’ ಎಂಬರ್ಥದ ಮಾತನ್ನು ತಾನಾಗಿ ಹೊರಹಾಕಿತು. ಅಂಕಿ 500ರ ಆಚೆಗೆ ಹೋಗಲಾರದೆಂದು ಪ್ರೋಗ್ರಾಂ ಬರೆದವರು ತಮಾಷೆಗೆ ಸೇರಿಸಿಟ್ಟ ಪದಗಳು ಅವು. ಚೀನಾ ಸರ್ಕಾರಕ್ಕೆ ಮುಜುಗರವಾಯಿತು, ಜನರ ಕಣ್ಣು ತೆರೆಯಿತು. 2012ರಲ್ಲಿ ಚೀನಾ ತಾನೇ ಪಿಎಂ 2.5ಕ್ಕೆ ಮಾನದಂಡ ಗೊತ್ತುಮಾಡಿತು. ದೆಹಲಿ, ಮುಂಬೈ, ಚೆನ್ನೈಗಳ ಅಮೆರಿಕ ಕಚೇರಿಗಳಲ್ಲೂ ಅಂಥ ಮಾಪಕಗಳಿದ್ದವು. 2025ರ ಮಾರ್ಚ್‌ನಲ್ಲಿ ಅವುಗಳ ಮಾಹಿತಿ ಹಂಚಿಕೆಯನ್ನು ಅಮೆರಿಕ ನಿಲ್ಲಿಸಿತು. ನಮ್ಮ ಗಾಳಿಯ ಲೆಕ್ಕ ಇಡುವ ಕೆಲಸ ಈಗ ನಮ್ಮದೇ.

ನಾವು ಹೇಗೆ ಇಡುತ್ತಿದ್ದೇವೆ? ಬೆಂಗಳೂರಿನಲ್ಲಿ ಹೆಬ್ಬಾಳ, ಜಯನಗರ 5ನೇ ಬ್ಲಾಕ್, ಸಿಲ್ಕ್ ಬೋರ್ಡ್, ಬಾಪೂಜಿನಗರ, ಪೀಣ್ಯ, ಬಿಟಿಎಂ ಲೇಔಟ್, ಹೊಂಬೇಗೌಡನಗರ, ಸಿಟಿ ರೈಲ್ವೆ ಸ್ಟೇಷನ್ ಮುಂತಾದ ಕಡೆ ಕೇಂದ್ರ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಳ ಮಾಪನ ಕೇಂದ್ರಗಳಿವೆ. ಹೊರಗಿನಿಂದ ನೋಡಿದರೆ ಎ.ಸಿ. ಹಾಕಿದ ಸಣ್ಣ ಪೆಟ್ಟಿಗೆ ಅಂಗಡಿ, ಚಾವಣಿಯಿಂದ ಮೇಲಕ್ಕೆ ಚಾಚಿದ ಕೊಳವೆಗಳು. ಒಳಗಿನ ದೂಳು ಅಳೆಯುವ ಯಂತ್ರದಲ್ಲಿ ಹಳೆಯ ಕ್ಯಾಸೆಟ್ಟಿನಂತೆ ಒಂದು ಟೇಪು ಸುತ್ತಿಕೊಂಡಿರುತ್ತದೆ, ಆದರೆ ಶೋಧಕ ಕಾಗದದ್ದು. ಪಂಪು ಗಾಳಿಯನ್ನು ಆ ಕಾಗದದ ಮೂಲಕ ಎಳೆಯುತ್ತದೆ, ದೂಳು ಅಂಟಿಕೊಂಡು ಬೂದು ಬಣ್ಣದ ದುಂಡು ಚುಕ್ಕೆಯಾಗುತ್ತದೆ. ಆ ಚುಕ್ಕೆಯ ಮೇಲೆ ಬೀಟಾ ಕಿರಣ ಹಾಯಿಸಿ, ಎಷ್ಟು ಕಿರಣ ಆಚೆ ಬಂತು, ಎಷ್ಟು ದೂಳಿನಲ್ಲೇ ಉಳಿಯಿತು ಎಂಬುದರ ಮೇಲೆ ತೂಕ ಲೆಕ್ಕ ಹಾಕುತ್ತದೆ. ನಂತರ ಟೇಪು ಮುಂದಕ್ಕೆ ಸರಿಯುತ್ತದೆ, ಇನ್ನೊಂದು ಚುಕ್ಕೆ. ಬಳಸಿದ ಟೇಪನ್ನು ಬಿಚ್ಚಿ ಹರಡಿದರೆ ಮಳೆ ಬಂದ ದಿನದ ಚುಕ್ಕೆಗಳು ಹೆಚ್ಚುಕಡಿಮೆ ಬಿಳಿ, ದೀಪಾವಳಿ ರಾತ್ರಿಯ ಚುಕ್ಕೆಗಳು ಕಪ್ಪು.

ಯಂತ್ರ ಒಳ್ಳೆಯದೇ. ಆದರೆ ಅದರ ಮೂಗಿರುವುದು ಮೂರು ಮೀಟರಿಗಿಂತ ಮೇಲೆ. ಸ್ಕೂಟರಿನ ಮುಂದೆ ನಿಂತು ಶಾಲೆಗೆ ಹೋಗುವ ಮಗುವಿನ ಮೂಗು ಬಿಎಂಟಿಸಿ ಬಸ್ಸಿನ ಹೊಗೆ ಕೊಳವೆಯ ಮಟ್ಟಕ್ಕೆ. ಸಿಲ್ಕ್ ಬೋರ್ಡ್ ಕೇಂದ್ರದ ಅಂಕಿ ಎಚ್‌ಎಸ್‌ಆರ್ ಲೇಔಟಿನ ಒಳಗಿನ ಅಡ್ಡರಸ್ತೆಗೆ ಹೊಂದಬೇಕೆಂದಿಲ್ಲ. ರಾಜ್ಯದ ಉಳಿದ ಕಡೆ ಕೇಂದ್ರಗಳ ಜಾಲ ಇನ್ನೂ ತೆಳು. ಮಡಿಕೇರಿ, ಗದಗ, ಯಾದಗಿರಿ, ಕೊಪ್ಪಳದಂಥ ಜಿಲ್ಲಾ ಕೇಂದ್ರಗಳಲ್ಲೂ ಈಗ ಮಾಪನ ಕೇಂದ್ರಗಳಿವೆ, ಅದು ಮೆಚ್ಚತಕ್ಕದ್ದೇ. ಆದರೆ ತಾಲ್ಲೂಕು ಊರಿನಲ್ಲೋ ಹಳ್ಳಿಯಲ್ಲೋ ನಿಂತು ಆ್ಯಪ್ ತೆರೆದರೂ ‘ನಿಮ್ಮ ಸ್ಥಳ: 72’ ಎಂದು ಖಡಾಖಂಡಿತವಾಗಿ ಹೇಳುತ್ತದಲ್ಲ, ಆ 72 ಬಂದದ್ದೆಲ್ಲಿಂದ? ಹತ್ತಾರು ಕಿಲೋಮೀಟರ್ ಆಚೆಯ ಕೇಂದ್ರದಿಂದ, ಇಲ್ಲವೇ ಉಪಗ್ರಹದ ಚಿತ್ರ, ಗಾಳಿಯ ದಿಕ್ಕು ಎಲ್ಲ ಸೇರಿಸಿ ಕಂಪ್ಯೂಟರ್ ಮಾಡಿದ ಅಂದಾಜಿನಿಂದ. ಅಂದಾಜು ತಪ್ಪೇನಲ್ಲ, ಅಂದಾಜು ಎಂದು ದಪ್ಪಕ್ಷರದಲ್ಲಿ ಹೇಳದಿರುವುದು ತಪ್ಪು. ಪಕ್ಕದಲ್ಲಿ ಜಲ್ಲಿ ಕ್ರಷರ್ ಇರುವ ಹಳ್ಳಿಗೆ ಆ ಅಂಕಿಯಿಂದ ನಯಾಪೈಸೆ ಉಪಯೋಗವಿಲ್ಲ.

ಇನ್ನೊಂದು ತೊಡಕು ಹೊತ್ತಿನದ್ದು. ದೂಳಿನ ವಿಷಯದಲ್ಲಿ ‘ಸಮೀರ್’ ತೋರಿಸುವ ಸೂಚ್ಯಂಕ ಹಿಂದಿನ 24 ಗಂಟೆಗಳ ಸರಾಸರಿ. ದೀಪಾವಳಿಯ ರಾತ್ರಿ ಹತ್ತು ಗಂಟೆಗೆ ಬೀದಿಯೆಲ್ಲ ಹೊಗೆ ಕವಿದು ಎದುರು ಮನೆ ಕಾಣದಿದ್ದರೂ ಅಂಕಿ ಸಾಧಾರಣವಾಗಿಯೇ ಇರಬಹುದು, ಏಕೆಂದರೆ ಬೆಳಗಿನಿಂದ ಇದ್ದ ಶುದ್ಧ ಗಾಳಿಯೂ ಅದರಲ್ಲಿ ಸೇರಿದೆ. ಮರುದಿನ ಮಧ್ಯಾಹ್ನ ಗಾಳಿ ತಿಳಿಯಾದ ಮೇಲೂ ಅಂಕಿ ಏರಿಯೇ ಇರುತ್ತದೆ. ಮೇಲಾಗಿ ನಮ್ಮ ಸೂಚ್ಯಂಕ 500ಕ್ಕೆ ನಿಂತುಬಿಡುತ್ತದೆ. ದೆಹಲಿಯ ನವೆಂಬರಿನಲ್ಲಿ ಖಾಸಗಿ ಆ್ಯಪ್‌ಗಳು ಸಾವಿರದ ಮಾತಾಡುವಾಗ ಸರ್ಕಾರಿ ಅಂಕಿ ಐನೂರರೊಳಗೇ ಇರುವುದಕ್ಕೆ ಇದೂ ಒಂದು ಕಾರಣ.

ಗಂಟೆವಾರು ಗ್ರಾಫ್ ಇದಕ್ಕೆ ಮದ್ದು. ನನ್ನ ಮಟ್ಟಿಗೆ ಇಡೀ ಆ್ಯಪ್‌ನಲ್ಲಿ ಅತ್ಯಂತ ಉಪಯುಕ್ತ ಭಾಗ ಅದೇ. ಚಳಿಗಾಲದ ಒಂದು ವಾರ ಅದನ್ನು ಗಮನಿಸಿದರೆ ನಮ್ಮ ಹಿರಿಯರು ಹೇಳಿಕೊಟ್ಟ ಒಂದು ಮಾತು ಅಲುಗಾಡುತ್ತದೆ: ಬೆಳಗಿನ ಗಾಳಿ ಆರೋಗ್ಯಕ್ಕೆ ಒಳ್ಳೆಯದು ಎಂಬುದು. ಡಿಸೆಂಬರ್–ಜನವರಿಯ ರಾತ್ರಿ ನೆಲ ಬೇಗ ತಣಿಯುತ್ತದೆ, ನೆಲದ ಹತ್ತಿರದ ತಣ್ಣನೆಯ ಗಾಳಿ ಭಾರವಾಗಿ ಕೆಳಗೇ ಕೂರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ. ರಾತ್ರಿಯಿಡೀ ಓಡಿದ ಲಾರಿಗಳ ಹೊಗೆ, ಕಸ ಸುಟ್ಟ ಹೊಗೆ, ಚಳಿ ಕಾಯಿಸಿದ ಬೆಂಕಿಯ ಹೊಗೆ ಎಲ್ಲ ಅಡಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಅದರ ಮೇಲೆ ಬೆಳಗಿನ ಟ್ರಾಫಿಕ್ಕು. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಮೇಲೆ-ಕೆಳಗೆ ಆಡಿ ಹೊಗೆ ಚದುರುತ್ತದೆ. ಪಿಎಂ 2.5ರ ಮಟ್ಟಿಗೆ ಚಳಿಗಾಲದಲ್ಲಿ ಮಧ್ಯಾಹ್ನವೇ ಲೇಸು. ಉಬ್ಬಸ, ದಮ್ಮು ಇರುವವರು, ಹೃದಯದ ತೊಂದರೆಯವರು ಡಿಸೆಂಬರಿನ ಐದೂವರೆಗೆ ಮಂಕಿ ಟೋಪಿ ಹಾಕಿಕೊಂಡು ಹೊರಡುವ ಬದಲು ಸಂಜೆ ನಾಲ್ಕಕ್ಕೆ ಹೊರಡುವುದು ಒಳ್ಳೆಯದು. ಜೂನ್ ಬಂದು ಮುಂಗಾರಿನ ಪಡುವಣ ಗಾಳಿ ಬೀಸತೊಡಗಿದ ಮೇಲೆ ಎಷ್ಟು ಹೊತ್ತಿಗೆ ಬೇಕಾದರೂ ಹೋಗಿ, ಛತ್ರಿ ಇರಲಿ.

ಆ್ಯಪ್ ಸಾಲದೆಂದು ಅಂಗೈಯಗಲದ ಮಾಪಕ ತರಿಸಿಕೊಳ್ಳುವವರೂ ಇದ್ದಾರೆ. ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ. ಪುಟ್ಟ ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ, ಚದುರಿದ ಬೆಳಕಿನಿಂದ ಲೆಕ್ಕ. ಮಂಜು ಮುಸುಕಿದ ಬೆಳಿಗ್ಗೆ ಇದು ಮೋಸ ಹೋಗುತ್ತದೆ. ತೇವ ಹೀರಿ ಊದಿಕೊಂಡ ಕಣಗಳನ್ನೂ ಮಂಜಿನ ಹನಿಗಳನ್ನೂ ದೂಳೆಂದೇ ಎಣಿಸುತ್ತದೆ. ಹಾಗಿದ್ದರೂ ಇದರಿಂದ ಒಂದು ಉಪಕಾರವುಂಟು. ಮನೆಯೊಳಗೆ ಇಟ್ಟು ನೋಡಿ. ಎಣ್ಣೆ ಕಾದು ಸಾಸಿವೆ ಚಟಪಟಿಸಿ ಒಣಮೆಣಸಿನಕಾಯಿ ಕಪ್ಪಾಗುವ ಹೊತ್ತಿಗೆ ಹಾಲ್‌ನಲ್ಲಿರುವ ಮಾಪಕ ಎರಡಂಕಿಯಿಂದ ಮೂರಂಕಿಗೆ ಜಿಗಿಯುತ್ತದೆ. ಶುಕ್ರವಾರದ ಸಾಂಬ್ರಾಣಿ, ದೇವರ ಮನೆಯ ಅಗರಬತ್ತಿ, ಸೊಳ್ಳೆ ಬತ್ತಿ ಒಂದೊಂದೂ ಅದಕ್ಕೆ ಹಬ್ಬ. ಹೊರಗಿನ ಗಾಳಿ ಕೆಟ್ಟಿದೆಯೆಂದು ಕಿಟಕಿ ಮುಚ್ಚಿ ಒಳಗೆ ಒಗ್ಗರಣೆ ಹಾಕುವುದು ಎಂಥ ಜಾಣತನ ಎಂದು ಆಗ ತಿಳಿಯುತ್ತದೆ. ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಒಲೆ ಹಚ್ಚುವ ಮೊದಲೇ ಒತ್ತಿ, ಘಾಟು ಬಂದ ಮೇಲೆ ಅಲ್ಲ. ಊದುಗೊಳವೆ ಹಿಡಿದು ಸೌದೆ ಒಲೆ ಮುಂದೆ ಕೂರುವ ಹೆಂಗಸರ ಎದೆಯ ಲೆಕ್ಕವನ್ನು ಊರಿನ ಯಾವ ಮಾಪನ ಕೇಂದ್ರವೂ ಹಿಡಿಯುವುದಿಲ್ಲ.

ಸರ್ಕಾರವೂ ಸುಮ್ಮನೆ ಕೂತಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ದುಡ್ಡು ಬರುತ್ತದೆ, ರಸ್ತೆ ಗುಡಿಸುವ ಯಂತ್ರಗಳು ಬರುತ್ತವೆ, ನೀರು ಚಿಮುಕಿಸುವ ಟ್ಯಾಂಕರುಗಳು ಬರುತ್ತವೆ. ಇವೆಲ್ಲ ಹೆಚ್ಚಾಗಿ ಪಿಎಂ 10ರ ಮೇಲಿನ ಯುದ್ಧ. ಕಣ್ಣಿಗೆ ಕಾಣುವ ದೂಳು ಇಳಿದರೆ ಅಂಕಿಯೂ ಇಳಿಯುತ್ತದೆ. ಎದೆಗೆ ಹೆಚ್ಚು ಕೇಡು ಮಾಡುವುದು ಉರಿಯಿಂದ ಬರುವ ಸಣ್ಣ ಕಣ. ಅದನ್ನು ಟ್ಯಾಂಕರಿನ ನೀರು ಮುಟ್ಟಲಾರದು.

ಓದುಗರು ಇಂದೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮೂರಿನ ಮಾಪನ ಕೇಂದ್ರ ಯಾವುದೆಂದು ಆ್ಯಪ್‌ನಲ್ಲಿ ಹುಡುಕಿ. ದಿನಗಟ್ಟಲೆ ಅಲ್ಲಿ ‘ಮಾಹಿತಿ ಇಲ್ಲ’ ಎಂದೇ ಬರುತ್ತಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಕೇಳಿ. ದಿನದಲ್ಲಿ ಕನಿಷ್ಠ 16 ಗಂಟೆಗಳ ಅಂಕಿ ಸಿಗದಿದ್ದರೆ ಆ ದಿನದ ಸೂಚ್ಯಂಕವನ್ನೇ ಲೆಕ್ಕ ಹಾಕುವಂತಿಲ್ಲ. ಮತ್ತು ಮನೆಯ ಮುಂದಿನ ಮೋರಿ ಪಕ್ಕ ತರಗೆಲೆ, ಪ್ಲಾಸ್ಟಿಕ್ ಗುಡ್ಡೆಗೆ ಯಾರಾದರೂ ಬೆಂಕಿ ಇಟ್ಟರೆ, ಆ್ಯಪ್ ಹಸಿರು ತೋರಿಸುತ್ತಿದ್ದರೂ ಸುಮ್ಮನಿರಬೇಡಿ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಕಸದ ವಿಲೇವಾರಿಗಾಗಿ ವರ್ಷಗಟ್ಟಲೆ ನಡೆಸಿದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ದಂಡ ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000. ಫೋಟೊ ತೆಗೆದು ಪಾಲಿಕೆಗೆ ಕಳಿಸಿ.