ಬೂಸ್ಟ್ ಏರಿತು, ಕಿಡಿ ಸೋತಿತು

ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿಸಿದ, ಟರ್ಬೊ ಪೆಟ್ರೋಲ್ ಕಾರುಗಳ ದೂರು ಬಹುಪಾಲು ಒಂದೇ ಬಗೆಯದು. ಊರೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ. ಹೆದ್ದಾರಿಗೆ ಬಂದು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಜರ್ಕ್ ಹೊಡೆಯುತ್ತದೆ, ಪಿಕಪ್ ಸತ್ತುಹೋಗುತ್ತದೆ. ಗ್ಯಾರೇಜಿನಲ್ಲಿ ‘ಮಿಸ್ಸಿಂಗ್ ಇದೆ’ ಎನ್ನುತ್ತಾರೆ. ಆಮೇಲೆ ಪ್ಲಗ್, ಕಾಯಿಲ್, ಇಂಜೆಕ್ಟರ್ ಒಂದೊಂದಾಗಿ ಬದಲಾಗುತ್ತವೆ. ಬಿಲ್ ಬೆಳೆಯುತ್ತದೆ, ಮಿಸ್ಸಿಂಗ್ ಹೋಗುವುದಿಲ್ಲ. ಎಷ್ಟೋ ಸಲ ಇಂಥ ಗಾಡಿಯಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಸಿಲಿಂಡರಿನ ಒತ್ತಡ ಏರಿದೆ, ಕಿಡಿ ಹಾರಿಸುವ ವ್ಯವಸ್ಥೆ ಹಳೆಯ ಲೆಕ್ಕದಲ್ಲೇ ಉಳಿದಿದೆ, ಅಷ್ಟೆ.

ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಹೊತ್ತಬೇಕಾದ ಗಳಿಗೆಯಲ್ಲಿ ಹೊತ್ತದಿದ್ದರೆ, ಇಲ್ಲವೇ ಅರೆಬರೆ ಉರಿದರೆ ಅದು ಮಿಸ್‌ಫೈರ್, ಗ್ಯಾರೇಜಿನ ಮಾತಿನಲ್ಲಿ ಮಿಸ್ಸಿಂಗ್. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿಸುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲೂ ಈ ಕೆಲಸ ಸೆಕೆಂಡಿಗೆ 50 ಬಾರಿ ನಡೆಯಬೇಕು.

ಕಿಡಿ ಹಾರಲು ಎಷ್ಟು ವೋಲ್ಟ್ ಬೇಕು? ಅನಿಲದ ಒತ್ತಡವನ್ನೂ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅಂತರವನ್ನೂ ಗುಣಿಸಿದರೆ ಬರುವ ಗುಣಲಬ್ಧದ ಮೇಲೆ ಅದು ನಿಂತಿದೆ ಎಂದು ಜರ್ಮನ್ ಭೌತವಿಜ್ಞಾನಿ ಫ್ರೆಡ್ರಿಕ್ ಪಾಶೆನ್ 1889ರಲ್ಲೇ ತೋರಿಸಿದ. ಕಂಪನಿಯಿಂದ ಬಂದಾಗ 0.8 ಬಾರ್ ಇದ್ದ ಬೂಸ್ಟನ್ನು, ಅಂದರೆ ಟರ್ಬೊ ತುಂಬುವ ಹೆಚ್ಚುವರಿ ಒತ್ತಡವನ್ನು, ರೀಮ್ಯಾಪ್ ಮಾಡುವ ಟ್ಯೂನರ್ 1.3ಕ್ಕೆ ಏರಿಸಿದ ಎನ್ನೋಣ. ವಾತಾವರಣದ 1 ಬಾರ್ ಸೇರಿಸಿದರೆ ಎಂಜಿನ್ನಿಗೆ ನುಗ್ಗುವ ಗಾಳಿಯ ಒತ್ತಡ 1.8ರಿಂದ 2.3 ಬಾರ್‌ಗೆ ಏರಿತು. ಕಿಡಿಗೆ ಬೇಕಾದ ವೋಲ್ಟೇಜೂ ಸುಮಾರು ಕಾಲು ಭಾಗ ಹೆಚ್ಚಿತು. ಕಾಯಿಲ್ಲಿಗೆ ಅಷ್ಟು ತಾಕತ್ತಿಲ್ಲದಿದ್ದರೆ ಕಿಡಿ ಹಾರುವುದೇ ಇಲ್ಲ. ಬೂಸ್ಟ್ ತುಂಬಿದಾಗ ಮಾತ್ರ ಗಾಡಿ ಮಿಸ್ ಹೊಡೆಯುವುದು ಇದಕ್ಕೇ.

ಪರಿಹಾರವೂ ಅದೇ ಲೆಕ್ಕದಲ್ಲಿದೆ. ಒತ್ತಡ ಏರಿದಷ್ಟು ಎಲೆಕ್ಟ್ರೋಡ್‌ಗಳ ಅಂತರವನ್ನು, ಅಂದರೆ ಗ್ಯಾಪನ್ನು, ಇಳಿಸಬೇಕು. 0.8 ಮಿಲಿಮೀಟರ್ ಗ್ಯಾಪನ್ನು 1.8ರಿಂದ ಗುಣಿಸಿ 2.3ರಿಂದ ಭಾಗಿಸಿದರೆ 0.63 ಬರುತ್ತದೆ. ಟ್ಯೂನರ್‌ಗಳು ಅನುಭವದಿಂದ ಇಟ್ಟುಕೊಳ್ಳುವ 0.6–0.7 ಮಿಲಿಮೀಟರ್ ಇದರ ಆಸುಪಾಸಿನಲ್ಲೇ ಇದೆ. ಫೀಲರ್ ಗೇಜ್ ಹಿಡಿದು ಹೊರಗಿನ ಬಾಗಿದ ಕಾಲನ್ನಷ್ಟೇ ಮೆಲ್ಲಗೆ ಒತ್ತಬೇಕು. ಇರಿಡಿಯಂ ಪ್ಲಗ್ಗಿನ ನಡುವಿನ ಸೂಕ್ಷ್ಮ ತುದಿಗೆ ಗೇಜ್ ತಾಗಿಸಿ ಮೀಟಿದರೆ ಅದು ಮುರಿಯುತ್ತದೆ. ಗ್ಯಾಪ್ ಇನ್ನೂ ಕಿರಿದಾದರೆ ಜ್ವಾಲೆಯ ಮೊಳಕೆ ಚಿಕ್ಕದಾಗಿ ಐಡಲ್‌ನಲ್ಲಿ ಎಂಜಿನ್ ನಡುಗುತ್ತದೆ.

ಗ್ಯಾಪ್ ಸರಿಯಿದ್ದೂ ಮಿಸ್ಸಿಂಗ್ ನಿಲ್ಲದಿದ್ದರೆ ಸ್ಕ್ಯಾನರ್ ಹಾಕಿ. ಕಿಡಿ ತಪ್ಪಿದ ಕ್ಷಣದಲ್ಲಿ ಕ್ರ್ಯಾಂಕ್‌ಶಾಫ್ಟಿನ ವೇಗ ಒಂದು ಎಳೆಯಷ್ಟು ಕುಗ್ಗುತ್ತದೆ. ಸೆನ್ಸರ್ ಅದನ್ನು ಹಿಡಿಯುತ್ತದೆ, ಇಸಿಯು (ಎಂಜಿನ್ ಕಂಪ್ಯೂಟರ್) ಯಾವ ಸಿಲಿಂಡರ್ ಎಂದು ಗುರುತಿಸುತ್ತದೆ. ಸ್ಕ್ಯಾನರಿನಲ್ಲಿ ಪಿ0302 ಕೋಡ್ ಬಂದರೆ ಎರಡನೆಯದು. ಎರಡರ ಕಾಯಿಲನ್ನು ಮೂರಕ್ಕೆ, ಮೂರರದನ್ನು ಎರಡಕ್ಕೆ ಹಾಕಿ ಮತ್ತೆ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ಲೇ ಕಳ್ಳ. ಕದಲದಿದ್ದರೆ ಪ್ಲಗ್ಗನ್ನೂ ಹೀಗೆಯೇ ಅದಲುಬದಲು ಮಾಡಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು. ಆಮೇಲೂ ಅದೇ ಸಿಲಿಂಡರ್ ಹಟ ಹಿಡಿದರೆ ಇಂಜೆಕ್ಟರ್ ನೋಡಿ, ಕಂಪ್ರೆಷನ್ ಅಳೆಯಿಸಿ. ನಾಕಿಂಗ್ ತಿಂದ ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆದಿರಬಹುದು.

ಪಿ0300 ಬಂದರೆ ಮಿಸ್‌ಫೈರ್ ಒಂದೇ ಸಿಲಿಂಡರಿಗೆ ಸೀಮಿತವಲ್ಲ ಎಂದರ್ಥ. ಆಗ ಎಲ್ಲಕ್ಕೂ ಸಮಾನವಾದದ್ದನ್ನು ಹುಡುಕಬೇಕು: ಬೂಸ್ಟ್ ತಡೆಯಲಾರದೆ ಕ್ಲಾಂಪಿನಿಂದ ಜಾರಿದ ಇಂಟರ್‌ಕೂಲರ್ ಹೋಸ್, ಹೆಚ್ಚಿದ ಬೇಡಿಕೆಗೆ ಸಾಲದ ಫ್ಯೂಯಲ್ ಪಂಪ್, ಎಲ್ಲ ಪ್ಲಗ್‌ಗಳಲ್ಲೂ ಅಗಲವಾದ ಗ್ಯಾಪ್.

ಇಲ್ಲಿ ಪಳಗಿದವರೂ ಎಡವುವ ಗುಂಡಿಯೊಂದಿದೆ. ಕಿಡಿ ಹಾರದಿದ್ದರೆ ಆಮ್ಲಜನಕ ಖರ್ಚಾಗದೆ ಹಾಗೆಯೇ ಎಕ್ಸಾಸ್ಟಿಗೆ ಬರುತ್ತದೆ. ಆಕ್ಸಿಜನ್ ಸೆನ್ಸರ್ ಅಳೆಯುವುದು ಆಮ್ಲಜನಕವನ್ನು. ಅದು ‘ಪೆಟ್ರೋಲ್ ಸಾಲದು’ ಎಂದು ಓದುತ್ತದೆ. ಆ ಮಾತು ನಂಬಿ ಇಂಧನ ಹೆಚ್ಚಿಸಿದರೆ ಪ್ಲಗ್ ಇನ್ನಷ್ಟು ಒದ್ದೆಯಾಗಿ, ಮಿಸ್ಸಿಂಗ್ ಇನ್ನೂ ಹೆಚ್ಚುತ್ತದೆ. ಮಿಸ್‌ಫೈರ್ ಇರುವಾಗ ಆ ಸೆನ್ಸರಿನ ಅಂಕಿ ನೋಡಿ ಮ್ಯಾಪ್ ತಿದ್ದಬಾರದು.

ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಆಕ್ಸಿಲರೇಟರಿನಿಂದ ತಕ್ಷಣ ಕಾಲು ತೆಗೆಯಿರಿ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಅದರ ಸಿರಾಮಿಕ್ ಒಡಲನ್ನೇ ಕರಗಿಸಬಲ್ಲದು. ಕನ್ವರ್ಟರಿನ ಬೆಲೆಯ ಮುಂದೆ ಪ್ಲಗ್ ಸೆಟ್ಟಿನ ಬೆಲೆ ಏನೂ ಅಲ್ಲ. ರೀಮ್ಯಾಪ್ ಮಾಡಿಸುವ ದಿನವೇ ಹೊಸ ಪ್ಲಗ್ ಹಾಕಿಸಿ, ಗ್ಯಾಪ್ ಎಷ್ಟಿಟ್ಟಿರಿ ಎಂದು ಟ್ಯೂನರನ್ನು ಕೇಳಿ. ಉತ್ತರ ಮಿಲಿಮೀಟರಿನಲ್ಲಿ ಬಾರದಿದ್ದರೆ ಬೇರೆ ಟ್ಯೂನರ್ ಹುಡುಕಿಕೊಳ್ಳಿ.