ಗಣಿಗರ ಮಕ್ಕಳು ಆಡುವ ಅಂಗಣ

ರೈಲು ನಿಲ್ದಾಣ, ಮಾರುಕಟ್ಟೆ, ಹಳೆಯ ಕೋಟೆ, ಎಲ್ಲದಕ್ಕೂ ನಾಲ್ಕು ಹೆಜ್ಜೆಯಲ್ಲೇ 74 ಸಾವಿರ ಜನ ಕೂರುವ ಕ್ರೀಡಾಂಗಣ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್‌ನ ರಾಜಧಾನಿ ಕಾರ್ಡಿಫ್, ತನ್ನ ರಗ್ಬಿ ಅಂಗಣವನ್ನು ಊರಾಚೆಗೆ ತಳ್ಳಿಲ್ಲ. ಟಾಫ್ ನದಿಯ ದಂಡೆಯ ಮೇಲೆ, ಪೇಟೆಯ ನಟ್ಟನಡುವೆ ಇಟ್ಟುಕೊಂಡಿದೆ. ಪಂದ್ಯದ ದಿನ ಸುತ್ತಲಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಬೆಳಿಗ್ಗೆಯಿಂದಲೇ ಕೆಂಪು ಅಂಗಿಯವರ ದಂಡು. ಮೊಹರಂ ದಿನದ ಮುದಗಲ್ಲಿನ ಓಣಿಗಳಲ್ಲಿ ಮಾತ್ರ ಇಂಥ ನೂಕುನುಗ್ಗಲನ್ನು ನಾನು ಕಂಡಿದ್ದೆ.

ಲಿಂಗಸುಗೂರಿನ ಕಡೆ ನಮಗೆ ಕಬಡ್ಡಿ ಗೊತ್ತು, ಕುಸ್ತಿ ಗೊತ್ತು, ಕಾರಹುಣ್ಣಿಮೆಗೆ ಎತ್ತುಗಳು ಭಾರದ ಕಲ್ಲು ಎಳೆಯುವುದು ಗೊತ್ತು. ರಗ್ಬಿ ಟಿ.ವಿ.ಯಲ್ಲಿ ಕಂಡರೂ ಚಾನೆಲ್ ಬದಲಿಸುವ ಆಟ. ಸಿಂಧನೂರಿನಿಂದ ಹೋಗಿ ಕಾರ್ಡಿಫ್‌ನಲ್ಲಿ ನೆಲೆಸಿರುವ ಅಕ್ಕನ ಮಗ, ಸಿಕ್ಸ್ ನೇಷನ್ಸ್ ರಗ್ಬಿ ಟೂರ್ನಿಯ ವೇಲ್ಸ್–ಸ್ಕಾಟ್ಲೆಂಡ್ ಪಂದ್ಯಕ್ಕೆ ಕರೆದೊಯ್ಯುವಾಗ ಒಂದೇ ಮಾತಿನಲ್ಲಿ ಪಾಠ ಮುಗಿಸಿದ: “ಮಾಮಾ, ಚೆಂಡು ಕೈಯಿಂದ ಹಿಂದಕ್ಕಷ್ಟ ಒಗೀಬೇಕು, ಓಡೂದು ಮಾತ್ರ ಮುಂದಕ್ಕ. ಅಷ್ಟ ತಿಳಕೋರಿ ಸಾಕು.” ನಿಜಕ್ಕೂ ಅಷ್ಟು ಸಾಕಾಯಿತು. ತಂಡಕ್ಕೆ 15 ಆಟಗಾರರು, 80 ನಿಮಿಷದ ಆಟ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ 5 ಅಂಕ.

ಸ್ಕ್ರಮ್ ಅನ್ನು ಮಾತ್ರ ಹತ್ತಿರದಿಂದಲೇ ನೋಡಬೇಕು. ಎರಡೂ ಕಡೆಯ ಎಂಟೆಂಟು ಮಂದಿ ಬಗ್ಗಿ, ತೋಳಿಗೆ ತೋಳು ಹೆಣೆದು, ರೆಫರಿಯ ಕೂಗಿಗೆ ಒಮ್ಮೆಲೇ ಢಿಕ್ಕಿ ಕೊಡುತ್ತಾರೆ. ಭುಜಕ್ಕೆ ಭುಜ ಬಡಿದ ಸದ್ದು ನಮ್ಮ ಸಾಲಿಗೂ ಕೇಳಿಸಿತು. ಚಳಿಗೆ ಅವರ ಬೆನ್ನುಗಳಿಂದ ಹಬೆ ಏಳುತ್ತಿತ್ತು. ಅಷ್ಟು ಬಲವನ್ನೆಲ್ಲ ಹಾಕಿ ಅವರು ಗೆದ್ದದ್ದು ಒಂದು ಗೇಣು ನೆಲ. ಇಡೀ ಅಂಗಣ ಎದ್ದು ನಿಂತಿತು.

ಈ ಅಂಗಣವನ್ನು ಕಟ್ಟಿದ್ದು 1999ರ ರಗ್ಬಿ ವಿಶ್ವಕಪ್‌ಗಾಗಿ. ಆ ಜೂನ್‌ನಲ್ಲಿ, ಕಟ್ಟಡದ ಕೆಲಸ ಇನ್ನೂ ಬಾಕಿ ಇರುವಾಗಲೇ, ವೇಲ್ಸ್ ಇಲ್ಲಿ ದಕ್ಷಿಣ ಆಫ್ರಿಕಾವನ್ನು ಮೊದಲ ಬಾರಿಗೆ ಸೋಲಿಸಿತು. ಚಾವಣಿ ಸುಮಾರು 20 ನಿಮಿಷದಲ್ಲಿ ಮುಚ್ಚಿಕೊಳ್ಳುತ್ತದೆ. ಹೆಸರು ಮೊದಲು ಮಿಲೇನಿಯಂ ಸ್ಟೇಡಿಯಂ, 2016ರಿಂದ ಪ್ರಿನ್ಸಿಪಾಲಿಟಿ ಸ್ಟೇಡಿಯಂ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಟಕ್ಕೂ ಮೊದಲಿನ ಹಾಡು. ವೇಲ್ಸ್‌ನ ನಾಡಗೀತೆಯನ್ನು 1856ರಲ್ಲಿ ಪಾಂಟಿಪ್ರಿಡ್ ಊರಿನ ತಂದೆ-ಮಗ ಇವಾನ್ ಜೇಮ್ಸ್ ಮತ್ತು ಜೇಮ್ಸ್ ಜೇಮ್ಸ್ ಕಟ್ಟಿದರು. ಸಾಹಿತ್ಯ ಅಪ್ಪನದು, ರಾಗ ಮಗನದು. 1905ರ ಡಿಸೆಂಬರ್ 16ರಂದು ಇಲ್ಲಿನ ಹಳೆಯ ಅಂಗಣ ಆರ್ಮ್ಸ್ ಪಾರ್ಕ್‌ನಲ್ಲಿ ನ್ಯೂಜಿಲೆಂಡ್ ಆಟಗಾರರು ತಮ್ಮ ಯುದ್ಧನೃತ್ಯ ಹಾಕಾ ಕುಣಿದಾಗ, ವೇಲ್ಸ್ ತಂಡ ಅದಕ್ಕೆ ಉತ್ತರವಾಗಿ ಈ ಹಾಡು ಎತ್ತಿಕೊಂಡಿತು, ಜನ ದನಿಗೂಡಿಸಿದರು. 3–0ಯಿಂದ ವೇಲ್ಸ್ ಗೆದ್ದಿತು. ಆ ಪ್ರವಾಸದಲ್ಲಿ ನ್ಯೂಜಿಲೆಂಡ್ ಸೋತ ಪಂದ್ಯ ಅದೊಂದೇ.

ಹಾಡು ವೆಲ್ಷ್ ಭಾಷೆಯದು. 19ನೇ ಶತಮಾನದಲ್ಲಿ ಇಲ್ಲಿನ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಶಿಕ್ಷೆಯಾಗಿ ಮರದ ತುಂಡು ನೇತುಹಾಕುತ್ತಿದ್ದರು. 2021ರ ಜನಗಣತಿಯಂತೆ ಈಗ ಆ ಭಾಷೆ ಬಲ್ಲವರು ಶೇ 17.8. ನನ್ನ ಪಕ್ಕ ಕೂತಿದ್ದ ಅಜ್ಜಿಗೂ ವೆಲ್ಷ್ ಮಾತಾಡಲು ಬಾರದು, ತಾವೇ ಹೇಳಿದರು. ಆದರೆ ಟೋಪಿ ತೆಗೆದು, ಕಣ್ಣು ಮುಚ್ಚಿ, ಹಾಡಿನ ಒಂದಕ್ಷರವನ್ನೂ ಬಿಡದೆ ಹಾಡಿದರು. ನಮ್ಮ ನಾಡಗೀತೆಯನ್ನು ಒಂದು ಕಬಡ್ಡಿ ಅಂಗಣ ತುಂಬ ಜನ ಹೀಗೆ ಎದೆ ಬಿಚ್ಚಿ ಹಾಡುವುದನ್ನು ನಾನು ಕೇಳಬೇಕು. ಅದಕ್ಕೆ ಸರ್ಕಾರದ ಆದೇಶವೇನೂ ಬೇಕಿಲ್ಲ.

ಈ ಆಟಕ್ಕೂ ಚಿನ್ನದ ಗಣಿಯ ನಮ್ಮ ಹಟ್ಟಿಗೂ ಒಂದು ನಂಟಿದೆ. ವೇಲ್ಸ್‌ನಲ್ಲಿ ರಗ್ಬಿಯನ್ನು ಬೆಳೆಸಿದವರು ದಕ್ಷಿಣದ ಕಣಿವೆಗಳ ಕಲ್ಲಿದ್ದಲು ಗಣಿ ಕಾರ್ಮಿಕರು. ವೇಲ್ಸ್‌ನ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರಾದ ಗ್ಯಾರೆತ್ ಎಡ್ವರ್ಡ್ಸ್ ಗಣಿ ಕಾರ್ಮಿಕನ ಮಗ. 1913ರ ಅಕ್ಟೋಬರ್ 14ರಂದು ಅದೇ ಕಣಿವೆಗಳ ಸೆಂಘೆನಿತ್ ಗಣಿಯಲ್ಲಿ ಸ್ಫೋಟವಾಗಿ 439 ಗಣಿಗರು ಸತ್ತರು. ಪಾಳಿ ಮುಗಿಸಿ ಮೇಲೆ ಬಂದವನಿಗೆ ಆಕಾಶ, ಹುಲ್ಲು, ಗೆಳೆಯನ ಹೆಗಲು ಏನೆಂಬುದು ಹಟ್ಟಿಯ ಮನೆಗಳಿಗೆ ಬಿಡಿಸಿ ಹೇಳಬೇಕಿಲ್ಲ. ವೇಲ್ಸ್‌ನ ಗಣಿಗಳು ಮುಚ್ಚಿದವು, ಆ ಊರುಗಳ ತಂಡಗಳು ಉಳಿದವು.

ಎರಡೂ ದೇಶದ ಅಭಿಮಾನಿಗಳು ಇಲ್ಲಿ ಬೆರೆತೇ ಕೂರುತ್ತಾರೆ, ನಡುವೆ ಬೇಲಿಯಿಲ್ಲ. ಆ ದಿನ ವೇಲ್ಸ್ ಸೋತಿತು. ಅಜ್ಜಿ ಹಿಂದಿನ ಸಾಲಿನ ಸ್ಕಾಟ್ಲೆಂಡ್ ಹುಡುಗರ ಕೈ ಕುಲುಕಿ ಹೊರಟರು.

ಸಿಕ್ಸ್ ನೇಷನ್ಸ್ ಪಂದ್ಯಗಳು ಫೆಬ್ರುವರಿ–ಮಾರ್ಚ್‌ನಲ್ಲಿ ನಡೆಯುತ್ತವೆ. ಟಿಕೆಟ್ ಸಿಗುವುದು ಕಷ್ಟ, ತಿಂಗಳುಗಟ್ಟಲೆ ಮೊದಲೇ ನೋಡಿಕೊಳ್ಳಬೇಕು. ಪಂದ್ಯವಿಲ್ಲದ ದಿನ ಅಂಗಣದೊಳಗೆ ಸುತ್ತಾಡಿಸಿ ತೋರಿಸುವ ವ್ಯವಸ್ಥೆಯಿದೆ. ಪಾಂಟಿಪ್ರಿಡ್‌ಗೆ ಕಾರ್ಡಿಫ್‌ನಿಂದ ರೈಲಿದೆ, ಅಲ್ಲಿನ ಉದ್ಯಾನದಲ್ಲಿ ಜೇಮ್ಸ್ ತಂದೆ-ಮಗನ ಸ್ಮಾರಕ ನೋಡಬಹುದು. ಹಟ್ಟಿ, ಲಿಂಗಸುಗೂರಿನಿಂದ ಹೋದವರು ಬ್ಲೈನಾವನ್ ಊರಿನ ‘ಬಿಗ್ ಪಿಟ್’ ಗಣಿ ವಸ್ತುಸಂಗ್ರಹಾಲಯವನ್ನು ತಪ್ಪಿಸಬಾರದು. ತಲೆಗೆ ದೀಪದ ಟೋಪಿ ಹಾಕಿಸಿ, ಪಂಜರದಂಥ ಲಿಫ್ಟ್‌ನಲ್ಲಿ 90 ಮೀಟರ್ ಕೆಳಗಿಳಿಸುತ್ತಾರೆ. ಕೆಳಗೆ ದಾರಿ ತೋರಿಸುವವರು ಗಣಿ ಕೆಲಸ ಬಲ್ಲವರೇ. ಅವರಿಗೆ ಹಟ್ಟಿಯ ಸುದ್ದಿ ಹೇಳಿ.