ಮೀಸೆ ಯಾರಿಗೆ ಬರುತ್ತದೆ?

ಕಳೆದ ವರ್ಷ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಏಳನೇ ತರಗತಿಯ ಮಕ್ಕಳು ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದರು. ಚೀಟಿಗಳನ್ನು ಬಿಡಿಸುತ್ತಾ ಹೋದೆ. ಮಿಂಚು, ಕಾಮನಬಿಲ್ಲು, ಹಾವಿನ ವಿಷ, ಎಲ್ಲವೂ ಎಂದಿನ ಪ್ರಶ್ನೆಗಳೇ. ಒಂದು ಚೀಟಿಯಲ್ಲಿ ಮಾತ್ರ “ಹುಡುಗಿಯರಿಗೂ ಮೀಸೆ ಬರುತ್ತದೆಯೇ?” ಎಂದಿತ್ತು. ಓದಿದ ಕೂಡಲೇ ಎಲ್ಲರೂ ಗೊಳ್ಳೆಂದು ನಕ್ಕರು. ಮೂರನೇ ಸಾಲಿನ ಒಬ್ಬ ಹುಡುಗಿ ನಗಲಿಲ್ಲ. ವೇಲಿನ ತುದಿಯಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು. ಕೆಲವರು ಅವಳನ್ನು ಏನೆಂದು ಕರೆಯುತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಆ ಹೆಸರು ಇಲ್ಲಿ ಬೇಡ.

ಚೀಟಿಯಲ್ಲಿದ್ದ ಪ್ರಶ್ನೆ ಮಾತ್ರ ಒಳ್ಳೆಯದೇ. ಅದಕ್ಕೆ ಉತ್ತರ ಹೇಳುವ ಮೊದಲು ಒಂದು ಕೆಲಸ ಮಾಡಿಸಿದೆ. ನೀವೂ ಮಾಡಿ ನೋಡಿ.

ಶಾಲೆಯ ವಿಜ್ಞಾನ ಪೆಟ್ಟಿಗೆಯಿಂದ ಪೀನ ಮಸೂರವನ್ನು ತೆಗೆದುಕೊಳ್ಳಿ. ಕಿಟಕಿಯ ಬೆಳಕಿಗೆ ಬಂದು ನಿಮ್ಮ ಕೈ, ಹಣೆ, ಕೆನ್ನೆ, ಮೇಲ್ದುಟಿಯನ್ನು ಗಮನಿಸಿ. ಮುಖ ನೋಡಲು ಕನ್ನಡಿ ಬೇಕಾಗುತ್ತದೆ. (ಮಸೂರವನ್ನು ಬಿಸಿಲಿಗೆ ಹಿಡಿಯಬೇಡಿ, ಅದರ ಮೂಲಕ ಸೂರ್ಯನನ್ನಂತೂ ನೋಡಲೇಬೇಡಿ.) ನವಿರಾದ, ತಿಳಿ ಬಣ್ಣದ ಕೂದಲು ಕಾಣಿಸಿತೇ? ಹುಡುಗರಿಗೂ ಇದೆ, ಹುಡುಗಿಯರಿಗೂ ಇದೆ. ಅಂಗೈ, ಅಂಗಾಲು, ತುಟಿಗಳಂಥ ಕೆಲವು ಕಡೆ ಬಿಟ್ಟರೆ ಮೈಯೆಲ್ಲ ಕೂದಲೇ!

ಪ್ರತಿಯೊಂದು ಕೂದಲೂ ಚರ್ಮದೊಳಗಿನ ಒಂದು ಪುಟ್ಟ ಚೀಲದಿಂದ ಹುಟ್ಟುತ್ತದೆ. ಮನುಷ್ಯನ ಮೈಯಲ್ಲಿ ಇಂಥ ಚೀಲಗಳು ಸುಮಾರು 50 ಲಕ್ಷ ಇವೆ. ತಲೆಯ ಮೇಲೆಯೇ ಸುಮಾರು ಒಂದು ಲಕ್ಷ. ನಾವು ತಾಯಿಯ ಹೊಟ್ಟೆಯಲ್ಲಿರುವಾಗಲೇ ಇವೆಲ್ಲ ಸಿದ್ಧವಾಗಿರುತ್ತವೆ. ಗಂಡಸರಲ್ಲೂ ಹೆಂಗಸರಲ್ಲೂ ಇವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅಂದರೆ ಅಪ್ಪನ ಮೀಸೆ ಇರುವ ಜಾಗದಲ್ಲಿ ಅಮ್ಮನಿಗೂ ಕೂದಲಿನ ಚೀಲಗಳು ಇದ್ದೇ ಇವೆ.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಹದಿಹರೆಯದಲ್ಲಿ ಹುಡುಗರ ವೃಷಣಗಳು ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸತೊಡಗುತ್ತವೆ. ರಕ್ತದ ಮೂಲಕ ಅದು ಮೈಯೆಲ್ಲ ಸಂಚರಿಸುತ್ತದೆ. ಅದರ ಪ್ರಭಾವದಿಂದ ಮುಖದ ಚೀಲಗಳು ದೊಡ್ಡದಾಗಿ, ನವಿರು ಕೂದಲಿನ ಬದಲು ದಪ್ಪ ಕಪ್ಪು ಕೂದಲನ್ನು ಬೆಳೆಸುತ್ತವೆ. ಮೊದಲು ಮೇಲ್ದುಟಿಯ ಎರಡು ಅಂಚುಗಳಲ್ಲಿ, ನಂತರ ನಡುವೆ, ಆಮೇಲೆ ಕೆನ್ನೆ, ಗದ್ದ. ಧ್ವನಿ ಒಡೆಯುವುದೂ ಇದೇ ಹಾರ್ಮೋನಿನಿಂದ.

ಹುಡುಗಿಯರ ದೇಹದಲ್ಲಿಯೂ ಟೆಸ್ಟೋಸ್ಟಿರಾನ್ ಇದೆ! ಅಂಡಾಶಯಗಳೂ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳೂ ಅದಕ್ಕೆ ಕಾರಣ. ಆದರೆ ಪ್ರಮಾಣ ಬಹಳ ಕಡಿಮೆ. ಅದೂ ಎಲ್ಲರಲ್ಲಿ ಒಂದೇ ಆಗಿರುವುದಿಲ್ಲ. ಒಬ್ಬೊಬ್ಬರ ಚೀಲಗಳು ಅದಕ್ಕೆ ಸ್ಪಂದಿಸುವ ರೀತಿಯೂ ಬೇರೆ. ಇದು ಬಹುಮಟ್ಟಿಗೆ ಮನೆತನದಿಂದ ಬರುವ ಗುಣ. ಆದ್ದರಿಂದಲೇ ಕೆಲವು ಹುಡುಗಿಯರ ಮೇಲ್ದುಟಿಯ ಕೂದಲು ಎದ್ದು ಕಾಣುತ್ತದೆ, ಕೆಲವರದು ಕಾಣುವುದಿಲ್ಲ. ಒಬ್ಬ ಹುಡುಗನಿಗೆ ಹದಿಮೂರಕ್ಕೇ ಮೀಸೆ ಚಿಗುರಿದರೆ ಇನ್ನೊಬ್ಬನಿಗೆ ಹದಿನೇಳಾದರೂ ಬಂದಿರುವುದಿಲ್ಲ. ಇವು ಯಾವುವೂ ರೋಗವಲ್ಲ. ಹುಡುಗಿಯರಲ್ಲಿ ಗದ್ದ, ಎದೆಯ ಮೇಲೆ ದಪ್ಪ ಕೂದಲು ಬೇಗ ಬೇಗ ಬೆಳೆದರೆ ಮಾತ್ರ ಅಮ್ಮನಿಗೆ ಹೇಳಿ ವೈದ್ಯರಿಗೆ ತೋರಿಸಬೇಕು.

ಅದೇ ಗುಂಪಿನ ಹಾರ್ಮೋನುಗಳು ನೆತ್ತಿಯ ಮೇಲೆ ಕೆಲವರಿಗೆ ತದ್ವಿರುದ್ಧವಾಗಿ ಕೆಲಸ ಮಾಡುತ್ತವೆ. ಅಲ್ಲಿ ಚೀಲಗಳು ಕುಗ್ಗುತ್ತವೆ, ತಲೆ ಬೋಳಾಗುತ್ತದೆ. ಗಡ್ಡಕ್ಕೆ ಗೊಬ್ಬರ, ತಲೆಗೆ ಬರ! ನನ್ನ ತಲೆಯನ್ನು ತೋರಿಸಿ ಹೇಳಿದಾಗ ಮತ್ತೆ ನಗು. ಈ ಸಲ ಮೂರನೇ ಸಾಲಿನಿಂದಲೂ ಬಂತು.

“ಹುಡುಗಿಯರ ಜಡೆ ಉದ್ದ ಬೆಳೆಯುತ್ತದಲ್ಲ ಸರ್?” ಎಂದು ಒಬ್ಬ ಕೇಳಿದ. ಅದು ಹಾರ್ಮೋನಿನ ಕೆಲಸವಲ್ಲ, ಕತ್ತರಿಯ ಕೆಲಸ. ತಲೆಗೂದಲು ಇಬ್ಬರಿಗೂ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹುಡುಗರು ಕತ್ತರಿಸುತ್ತಾರೆ, ಹುಡುಗಿಯರು ಬಿಡುತ್ತಾರೆ, ಅಷ್ಟೆ. ಚೀನಾದಲ್ಲಿ 1644ರಿಂದ 1912ರವರೆಗೆ ಆಳಿದ ಚಿಂಗ್ ಅರಸರ ಕಾಲದಲ್ಲಿ ಗಂಡಸರು ಮುಂದಲೆ ಬೋಳಿಸಿ ಹಿಂದೆ ಉದ್ದ ಜಡೆ ಬಿಡುವುದು ಕಡ್ಡಾಯವಾಗಿತ್ತು. ಫ್ರಾನ್ಸಿನ ದೊರೆ 14ನೇ ಲೂಯಿ (1638-1715) ಉದ್ದ ಗುಂಗುರು ಕೂದಲಿನ ವಿಗ್ ಧರಿಸಿ, ಕೆಂಪು ಬಣ್ಣದ ಎತ್ತರ ಹಿಮ್ಮಡಿಯ ಪಾದರಕ್ಷೆ ಮೆಟ್ಟುತ್ತಿದ್ದ. ಅಷ್ಟು ದೂರ ಏಕೆ? ಪ್ರವಾಸಕ್ಕೆ ಬೇಲೂರು, ಹಳೇಬೀಡಿಗೆ ಹೋದಾಗ ಶಿಲ್ಪಗಳನ್ನು ಗಮನಿಸಿ. ಓಲೆ, ಹಾರ, ತೋಳಬಂದಿ ಗಂಡು ಮೂರ್ತಿಗಳಿಗೂ ಇವೆ.

ಹೊರಡುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಇನ್ನೊಂದು ಚೀಟಿ ಬಿದ್ದಿತ್ತು. ಹೆಸರಿರಲಿಲ್ಲ. “ಬೋಳಿಸಿದರೆ ಕೂದಲು ಇನ್ನೂ ದಪ್ಪಗೆ ಬರುತ್ತದಂತೆ, ನಿಜವೇ?”

ನಿಜವಲ್ಲ. ಕೂದಲಿನ ತುದಿ ಸಹಜವಾಗಿ ಚೂಪಾಗಿರುತ್ತದೆ. ಬ್ಲೇಡು ಅದನ್ನು ನಡುವೆ ಕತ್ತರಿಸುವುದರಿಂದ ತುದಿ ಮೊಂಡಾಗುತ್ತದೆ, ಮುಟ್ಟಿದರೆ ಒರಟೆನಿಸುತ್ತದೆ. ಕೂದಲಿನ ದಪ್ಪ ನಿರ್ಧಾರವಾಗುವುದು ಒಳಗಿನ ಚೀಲದಲ್ಲಿ. ಬ್ಲೇಡು ಅಲ್ಲಿಗೆ ತಲುಪುವುದೇ ಇಲ್ಲ.